ತಮ್ಮ ತೀರಿಕೊಂಡ ಒಂಬತ್ತು ತಿಂಗಳಿಗೆ ಬಂದ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರೇ, ನಾನು ಅರಕಲಗೂಡು ತಾಲ್ಲೂಕಿನವಳು. 2025ರ ಜೂನ್‌ನಲ್ಲಿ ನನ್ನ ತಮ್ಮ ತೀರಿಕೊಂಡ. ಅವನಿಗೆ 39 ವರ್ಷ, ಬಾಡಿಗೆಗೆ ಪಿಕಪ್ ಗಾಡಿ ಓಡಿಸುತ್ತಿದ್ದ. ಬಿತ್ತನೆ ಆಲೂಗಡ್ಡೆ ಇಳಿಸಿ ರಾತ್ರಿ ತಡವಾಗಿ ಬಂದವನು ಎದೆಯುರಿ ಎಂದು ಸೋಡಾ ಕುಡಿದು ಮಲಗಿದ. ಬೆಳಗಿನ ಜಾವ ಮೈಯೆಲ್ಲ ಬೆವರಿ ಎದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಮರಣೋತ್ತರ ಪರೀಕ್ಷೆ ಬೇಡ ಎಂದು ನಾವೇ ಹೇಳಿದೆವು. ನಮ್ಮ ಅಪ್ಪನೂ 52ನೇ ವಯಸ್ಸಿಗೆ ಹೀಗೆಯೇ ಹೋದರು, ಆಗ ಗ್ಯಾಸ್ಟ್ರಿಕ್ ಎಂದಿದ್ದರು. ಆ ದಿನಗಳಲ್ಲಿ ಟಿ.ವಿ.ಯಲ್ಲಿ ಹಾಸನದ ಹೃದಯಾಘಾತದ್ದೇ ಸುದ್ದಿ. ಸತ್ತವರ ಪಟ್ಟಿಯಲ್ಲಿ ನನ್ನ ತಮ್ಮನ ಹೆಸರೇ ಇರಲಿಲ್ಲ. ಆಮೇಲೆ ಸರ್ಕಾರದ ಸಮಿತಿ ಸಾವು ಹೆಚ್ಚಾಗಿಲ್ಲ ಎಂದಿತು. ಈಗ ವೈದ್ಯಕೀಯ ಕಾಲೇಜಿನವರು ಎಂದು ಇಬ್ಬರು ಬಂದು ಪುಟಗಟ್ಟಲೆ ಪ್ರಶ್ನೆ ತೆಗೆದರು. ಅಮ್ಮ ಅಳುತ್ತಾ ಒಳಗೆ ಹೋದರು. ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ, ಪಕ್ಕದ ಮನೆಯ ಹುಡುಗನನ್ನೂ ಕೇಳುತ್ತಾರಂತೆ. ಹೆಚ್ಚಾಗಿಲ್ಲ ಎಂದ ಮೇಲೆ ಇನ್ನೇನು ಹುಡುಕುತ್ತಾರೆ? ಕೋವಿಡ್ ಲಸಿಕೆಯಿಂದಲೇ ಹೀಗಾಯಿತು ಎಂದು ಊರೆಲ್ಲ ಹೇಳುತ್ತದೆ, ಅದನ್ನು ಮುಚ್ಚಲು ಇದೆಲ್ಲವೇ? ಉತ್ತರ ಕೊಡಬೇಕೇ, ಬೇಡವೇ? ಎರಡು ವರ್ಷದ ಹಿಂದೆ ಅವನಿಗೆ ತೆಗೆಸಿದ ಒಂದು ಇಸಿಜಿ ಚೀಟಿ ಬಿಟ್ಟರೆ ನಮ್ಮಲ್ಲಿ ಬೇರೆ ಯಾವ ಕಾಗದವೂ ಇಲ್ಲ.

ಉತ್ತರ: ಕೊಡಿ. ಕೊಡುವ ಮೊದಲು ನೀವು ಅವರನ್ನು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ, ಅವನ್ನು ಮುಂದೆ ಬರೆದಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಾಕ್ಯ: ಪಟ್ಟಿಯಲ್ಲಿ ತಮ್ಮನ ಹೆಸರೇ ಇರಲಿಲ್ಲ. ಇಡೀ ವಿಷಯದ ಗಂಟು ಇರುವುದೇ ಅಲ್ಲಿ.

2025ರ ಮೇ, ಜೂನ್ ತಿಂಗಳಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂದು ಸುದ್ದಿಯಾಯಿತು. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತಿತು. ಇಪ್ಪತ್ತು ಎಂಬ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದರೆ ಅದನ್ನು ಯಾವುದರ ಮೇಲಿಟ್ಟು ನೋಡಬೇಕು ಎಂಬುದು ಗೊತ್ತಿರಬೇಕು. ಶಾಲೆಯಲ್ಲಿ ಭಿನ್ನರಾಶಿ ಕಲಿತಿದ್ದೀರಲ್ಲ, ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಸುದ್ದಿವಾಹಿನಿಗಳು ಅಂಶವನ್ನು ದಿನವೂ ಕೂಗಿದವು. ಛೇದದ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಎತ್ತುತ್ತೇನೆ, ಒರಟು ಲೆಕ್ಕದಲ್ಲಿ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆ. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹನ್ನೊಂದು ಸಾವಿರದ ಆಸುಪಾಸು, ದಿನಕ್ಕೆ ಮೂವತ್ತು ಸಾವು. ಭಾರತದಲ್ಲಿ ಸಾಯುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಒಯ್ಯುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಅದರಲ್ಲಿ ಪಾರ್ಶ್ವವಾಯು ಮೊದಲಾದವನ್ನು ಕಳೆದು, ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯೊಂದನ್ನೇ ತೆಗೆದುಕೊಂಡರೂ ಆರರಲ್ಲಿ ಒಂದು ಸಾವು ಅದರದು. ಹಾಗಾದರೆ ನಲವತ್ತು ದಿನಗಳಲ್ಲಿ ಈ ಜಿಲ್ಲೆಯಲ್ಲಿ ಸುಮಾರು ಇನ್ನೂರು ಮಂದಿ ಅದರಿಂದ ಸತ್ತಿರಬೇಕು. ಯಾವ ವರ್ಷದ ಯಾವ ನಲವತ್ತು ದಿನವಾದರೂ ಅಷ್ಟೇ. ಅವರಲ್ಲಿ ಹತ್ತಕ್ಕೆ ಒಬ್ಬರು ಮಾತ್ರ 45 ವರ್ಷದೊಳಗಿನವರು ಎಂದು ಇಟ್ಟುಕೊಂಡರೂ ಇಪ್ಪತ್ತಾಯಿತು.

ಈ ಲೆಕ್ಕ ಕಂಡು ನಿಮಗೆ ಸಮಾಧಾನವಾಗಬೇಕೆಂದು ನಾನು ಬರೆಯುತ್ತಿಲ್ಲ. ನನಗಂತೂ ಆಗುವುದಿಲ್ಲ. ಸುದ್ದಿಯಾದ ಇಪ್ಪತ್ತರ ಹಿಂದೆ ಸುದ್ದಿಯಾಗದ ಎಷ್ಟೋ ಸಾವುಗಳಿದ್ದವು, ನಿಮ್ಮ ತಮ್ಮನದು ಅದರಲ್ಲೊಂದು. 2024ರಲ್ಲೂ ಇದ್ದವು, 2014ರಲ್ಲೂ ಇದ್ದವು. ನಿಮ್ಮ ಅಪ್ಪನದು ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲಿ ಮಣ್ಣಾಯಿತು. ಒಬ್ಬ ವರದಿಗಾರ ಎಣಿಸಲು ಶುರು ಮಾಡಿದ ದಿನದಿಂದ ನಮಗೆ ಸಾವು ಶುರುವಾದಂತೆ ಕಂಡಿತು.

ಕಣದಲ್ಲಿ ಒಂದು ಹಿಡಿ ರಾಗಿ ಎರಚಿ ನೋಡಿ. ಎಲ್ಲ ಕಡೆ ಒಂದೇ ಅಂತರದಲ್ಲಿ ಬೀಳುವುದಿಲ್ಲ. ಒಂದೆಡೆ ಗುಡ್ಡೆ, ಒಂದೆಡೆ ಬರಿ ನೆಲ. ಗುಡ್ಡೆ ಬಿದ್ದ ಜಾಗದಲ್ಲಿ ನೆಲಕ್ಕೇನೋ ವಿಶೇಷವಿದೆ ಎಂದು ಹೇಳಬೇಕಾದರೆ ಮತ್ತೆ ಮತ್ತೆ ಎರಚಿ, ಪ್ರತಿ ಸಲವೂ ಅಲ್ಲೇ ಗುಡ್ಡೆಯಾಗುತ್ತದೆಯೇ ಎಂದು ನೋಡಬೇಕು. ಸಾವಿನ ವಿಚಾರದಲ್ಲಿ ಹಾಗೆ ಮತ್ತೆ ಎರಚಲು ಬರುವುದಿಲ್ಲ. ಹಿಂದಿನ ವರ್ಷಗಳ ದಾಖಲೆ ತೆಗೆದು ನೋಡುವುದೊಂದೇ ದಾರಿ. ಆ ದಾಖಲೆಯೇ ನಮ್ಮಲ್ಲಿ ತೂತು.

ಸಮಿತಿಯ ವಿಷಯಕ್ಕೆ ಬರುತ್ತೇನೆ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಎಂದು ತೆಗೆದಿಟ್ಟಿತು. ಉಳಿದ 20ರಲ್ಲಿ ಅರ್ಧಕ್ಕೆ ಗಟ್ಟಿ ಆಧಾರ ಸಿಕ್ಕಿತು, ಇನ್ನರ್ಧವನ್ನು ಹೃದಯಾಘಾತ ಇರಬಹುದು ಎಂಬ ಗುಂಪಿಗೆ ಹಾಕಿತು. ಆಸ್ಪತ್ರೆಗಳ ಹಿಂದಿನ ಲೆಕ್ಕದೊಂದಿಗೆ ಹೋಲಿಸಿ, ದಿಢೀರ್ ಏರಿಕೆ ಕಾಣುವುದಿಲ್ಲ ಎಂದು ಹೇಳಿತು. ಇದನ್ನು ನಾನು ಸುಳ್ಳು ಎನ್ನುವುದಿಲ್ಲ, ಮುಚ್ಚಿಡುವ ಕೆಲಸ ಎಂದೂ ಎನ್ನುವುದಿಲ್ಲ. ಕೆಲವೇ ದಿನಗಳಲ್ಲಿ ಕೈಗೆ ಸಿಕ್ಕ ಕಾಗದಗಳಲ್ಲಿ ಮಾಡಬಹುದಾದದ್ದನ್ನು ಮಾಡಿದ್ದಾರೆ. ಆದರೆ ಏರಿಕೆ ಕಾಣಲಿಲ್ಲ ಎನ್ನುವುದಕ್ಕೂ ಏರಿಕೆ ಇಲ್ಲ ಎನ್ನುವುದಕ್ಕೂ ನಡುವೆ ಒಂದು ಹೊಲದಷ್ಟು ಅಂತರವಿದೆ. ಆಸ್ಪತ್ರೆಯ ಲೆಕ್ಕಕ್ಕೆ ಸಿಗುವುದು ಆಸ್ಪತ್ರೆ ಮುಟ್ಟಿದವರು. ನಿಮ್ಮ ತಮ್ಮನಂತೆ ದಾರಿಯಲ್ಲೇ ಹೋದವರು, ಹಟ್ಟಿಯಲ್ಲಿ, ಗದ್ದೆ ಬದುವಿನಲ್ಲಿ ಕುಸಿದವರು ಅದರಲ್ಲಿ ಇರುವುದಿಲ್ಲ. ಮನೆಯಲ್ಲಿ ಆದ ಸಾವುಗಳು ಏರಿದ್ದರೆ ಆಸ್ಪತ್ರೆಯ ಲೆಕ್ಕಕ್ಕೆ ಅದು ತಿಳಿಯುವುದೇ ಇಲ್ಲ. ಹೆಚ್ಚಾಗಿಲ್ಲ ಎಂದ ಮೇಲೆ ಏನು ಹುಡುಕುತ್ತಾರೆ ಎಂದು ಕೇಳಿದಿರಲ್ಲ, ಹುಡುಕುವುದು ಇದನ್ನೇ.

ಆ ಸಾವುಗಳಲ್ಲಿ ಆಟೋ, ಕ್ಯಾಬ್ ಓಡಿಸುವವರು ಗಮನ ಸೆಳೆಯುವಷ್ಟು ಮಂದಿ ಇದ್ದರು ಎಂಬ ಮಾತೂ ಬಂತು. ನಿಮ್ಮ ತಮ್ಮನೂ ಚಾಲಕ. ಆದ್ದರಿಂದ ಚಾಲಕರ ಕೆಲಸವೇ ಕಾರಣವೇ? ಇರಬಹುದು. ಗಂಟೆಗಟ್ಟಲೆ ಕೂರುವುದು, ಹೊಗೆ, ನಿದ್ದೆಗೆಡುವುದು, ಹೊತ್ತು ತಪ್ಪಿದ ಊಟ, ಬಾಯಲ್ಲಿ ಗುಟ್ಕಾ, ಇವು ಯಾವುವೂ ಹೃದಯಕ್ಕೆ ಒಳ್ಳೆಯವಲ್ಲ. ಆದರೆ ಜಿಲ್ಲೆಯಲ್ಲಿ 45 ವರ್ಷದೊಳಗಿನ ಬದುಕಿರುವ ಗಂಡಸರಲ್ಲಿ ಚಾಲಕರೆಷ್ಟು ಎಂದು ತಿಳಿಯದೆ, ಸತ್ತವರಲ್ಲಿ ಚಾಲಕರು ಹೆಚ್ಚು ಎಂದು ಹೇಳಲು ಬರುವುದಿಲ್ಲ. ಮತ್ತೆ ಛೇದ! ನನ್ನ ವಿದ್ಯಾರ್ಥಿಗಳು ಈ ಪದ ಕೇಳಿ ಕೇಳಿ ನನಗೇ ಆ ಹೆಸರಿಟ್ಟಿದ್ದರು.

ಪಕ್ಕದ ಮನೆಯ ಹುಡುಗನನ್ನು ಯಾಕೆ ಕೇಳುತ್ತಾರೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ, ಲಸಿಕೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರು ಎನ್ನುತ್ತಾರೆ. ನಿಜ. ಸತ್ತವರೆಲ್ಲ ಮುದ್ದೆ ಉಂಡವರೂ ಹೌದು. ಬದುಕಿರುವ ನಾವೂ ಲಸಿಕೆ ಹಾಕಿಸಿಕೊಂಡೇ ಮುದ್ದೆ ಉಣ್ಣುತ್ತಿದ್ದೇವೆ. ಹೆಚ್ಚುಕಡಿಮೆ ಎಲ್ಲರಿಗೂ ಆದ ಒಂದು ಸಂಗತಿ ಕೆಲವರಿಗೆ ಮಾತ್ರ ಬಂದ ಸಾವಿಗೆ ಕಾರಣವೇ ಎಂದು ತಿಳಿಯಬೇಕಾದರೆ, ಸತ್ತವನ ಓರಗೆಯ, ಅದೇ ಬೀದಿಯ, ಬದುಕಿರುವ ಗಂಡಸನ್ನು ಅದೇ ಪ್ರಶ್ನೆ ಕೇಳಿ ಎರಡನ್ನೂ ಪಕ್ಕಪಕ್ಕ ಇಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದನ್ನು ಮಾಡಿ 2023ರಲ್ಲಿ ಪ್ರಕಟಿಸಿತು. ದೇಶದ 47 ಆಸ್ಪತ್ರೆಗಳ ಮೂಲಕ, ಆರೋಗ್ಯವಾಗಿಯೇ ಇದ್ದು ಇದ್ದಕ್ಕಿದ್ದಂತೆ ಸತ್ತ 18ರಿಂದ 45 ವರ್ಷದ 729 ಮಂದಿಯನ್ನು ತೆಗೆದುಕೊಂಡರು. ನೆರೆಹೊರೆಯಿಂದ ಅದೇ ವಯಸ್ಸಿನ, ಅದೇ ಲಿಂಗದ 2,916 ಮಂದಿಯನ್ನು ಹೋಲಿಕೆಗೆ ಇಟ್ಟರು. ಒಂದು ಸಾವಿಗೆ ನಾಲ್ವರು ಜೀವಂತ ಸಾಕ್ಷಿಗಳು. ಲಸಿಕೆಯಿಂದ ದಿಢೀರ್ ಸಾವಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅದು ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ದಿಢೀರ್ ಸಾವು ಕಂಡವರಲ್ಲಿ, ಹಿಂದಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದವರಲ್ಲಿ, ಮಾದಕವಸ್ತು ಸೇವಿಸಿದವರಲ್ಲಿ, ಮತ್ತು ಮೈಮುರಿಯುವ ಶ್ರಮ ಮಾಡಿದವರಲ್ಲಿ. ನಿಮ್ಮ ಪತ್ರಕ್ಕೆ ಇದನ್ನು ಹಿಡಿದು ನೋಡಿದರೆ ನನ್ನ ಕಣ್ಣು ನಿಲ್ಲುವುದು ಅಪ್ಪನ 52ರ ಮೇಲೆ.

ಕೋವಿಶೀಲ್ಡ್ ತೆಗೆದುಕೊಂಡ ಲಕ್ಷಾಂತರ ಜನರಲ್ಲಿ ಅಪರೂಪಕ್ಕೆ ಒಬ್ಬರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಬಂದದ್ದು ಉಂಟು, ಅದನ್ನು ಮುಚ್ಚಬೇಕಾಗಿಲ್ಲ. ಅದು ಕಾಣಿಸಿಕೊಳ್ಳುತ್ತಿದ್ದದ್ದು ಚುಚ್ಚಿದ ಕೆಲವೇ ವಾರಗಳಲ್ಲಿ. 2021ರ ಸೂಜಿ 2025ರ ಆಲೂಗಡ್ಡೆ ಬಿತ್ತನೆಯವರೆಗೆ ಕಾದು ಕೂರುವುದಿಲ್ಲ.

ಇನ್ನು ಒಂಬತ್ತು ತಿಂಗಳ ಮೇಲೆ ಬಂದು ಏನು ತಿಳಿಯುತ್ತದೆ ಎಂಬ ನಿಮ್ಮ ಸಂಶಯ. ಈ ವಿಧಾನಕ್ಕೆ ಪುಸ್ತಕದಲ್ಲಿ ಮೌಖಿಕ ಶವಪರೀಕ್ಷೆ ಎಂಬ ಹೆಸರಿದೆ. ಕೇಳಲು ಕಠೋರವಾದ ಹೆಸರು, ಮನೆಯವರ ಮುಂದೆ ನಾನು ಎಂದೂ ಬಳಸಿದವನಲ್ಲ. ಸತ್ತವರ ಜೊತೆಗಿದ್ದವರನ್ನು ಕೂರಿಸಿಕೊಂಡು, ಕೊನೆಯ ದಿನಗಳಲ್ಲಿ ಏನೇನಾಯಿತು ಎಂದು ಬಿಡಿಬಿಡಿಯಾಗಿ ಕೇಳಿ ಬರೆದುಕೊಳ್ಳುವುದು, ಆಮೇಲೆ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಅದನ್ನು ಓದಿ ಕಾರಣ ನಿರ್ಧರಿಸುವುದು. ಇಬ್ಬರದೂ ಒಂದಾಗದಿದ್ದರೆ ಮತ್ತೆ ಓದುತ್ತಾರೆ, ಮೂರನೆಯ ವೈದ್ಯರಿಗೆ ಕೊಡುತ್ತಾರೆ. ಸೂತಕ, ತಿಥಿ ಕಳೆದು ಮನೆಯವರು ಮಾತನಾಡುವಂತಾಗಲಿ ಎಂದು ಕೆಲವು ತಿಂಗಳು ಬಿಟ್ಟೇ ಹೋಗುತ್ತಾರೆ. ಅಷ್ಟರಲ್ಲಿ ಮರೆತುಹೋಗುವುದಿಲ್ಲವೇ ಎಂದರೆ, ಆ ರಾತ್ರಿಯನ್ನು ನಿಮ್ಮ ಅಮ್ಮ ಮರೆತಿದ್ದಾರೆಯೇ?

ಶ್ರೀಮಂತ ದೇಶಗಳಲ್ಲಿ ಇದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ಅಲ್ಲಿ ಹೆಚ್ಚುಕಡಿಮೆ ಪ್ರತಿ ಸಾವಿಗೂ ವೈದ್ಯರು ಬರೆದ ಕಾರಣ ಸಿಗುತ್ತದೆ. ನಮ್ಮಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಬರೆದದ್ದರಲ್ಲೂ ಎಷ್ಟೋ ಕಡೆ ಇರುವುದು ಹೃದಯ ಸ್ತಂಭನ ಎಂಬ ಒಂದೇ ಪದ. ಹೃದಯ ನಿಲ್ಲದೆ ಯಾರಾದರೂ ಸಾಯುತ್ತಾರೆಯೇ? ಹಾವು ಕಚ್ಚಿದರೂ ನಿಲ್ಲುತ್ತದೆ, ಲಾರಿ ಗುದ್ದಿದರೂ ನಿಲ್ಲುತ್ತದೆ. ಅಂಥ ಪ್ರಮಾಣಪತ್ರ ಎಲ್‌ಐಸಿ ಹಣಕ್ಕೆ ಸಾಕಾಗಬಹುದು, ಕಾರಣ ತಿಳಿಯಲು ಪ್ರಯೋಜನವಿಲ್ಲ.

ಹಾವಿನ ಮಾತು ಬಂತು. ಮನೆಮನೆಗೆ ಹೋಗಿ ಕೇಳುವ ಈ ವಿಧಾನದಲ್ಲಿ ಜಗತ್ತಿನಲ್ಲೇ ದೊಡ್ಡ ಕೆಲಸವೊಂದು ನಡೆದದ್ದು ನಮ್ಮ ದೇಶದಲ್ಲಿ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಮತ್ತು ಪ್ರಭಾತ್ ಝಾ ಎಂಬ ವೈದ್ಯರ ತಂಡ 1998ರಿಂದ 2014ರವರೆಗಿನ ಸಾವುಗಳನ್ನು ಹೀಗೆ ವಿಚಾರಿಸಿದರು. ಹತ್ತು ಲಕ್ಷ ಸಾವುಗಳ ಅಧ್ಯಯನ ಎಂದೇ ಅದಕ್ಕೆ ಹೆಸರು. ಹೋದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಸಿಬ್ಬಂದಿ. ಆ ಕಾಗದಗಳ ಆಧಾರದ ಮೇಲೆ, 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಸತ್ತರು ಎಂಬ ಅಂದಾಜು ಬಂತು. ಆಸ್ಪತ್ರೆಗಳ ವರದಿಯಲ್ಲಿ ಕಾಣುತ್ತಿದ್ದದ್ದು ಅದರ ಒಂದು ಚೂರು. ಉಳಿದವರು ಹೊಲದಲ್ಲಿ, ನಾಟಿವೈದ್ಯರ ಜಗಲಿಯಲ್ಲಿ, ದಾರಿಯಲ್ಲಿ ಸತ್ತವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಇದಕ್ಕೆಲ್ಲ ಬುಡದಲ್ಲಿರುವುದು ಯಾವುದೋ ಊರಿನ ಯಾವುದೋ ತಾಯಿ ಜಗಲಿಯಲ್ಲಿ ಕೂತು ಹೇಳಿದ ಮಾತು.

ನನ್ನದೇ ಒಂದು ಅನುಭವ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಳೆನರಸೀಪುರದ ಕಡೆಯ ಒಂದು ಹಳ್ಳಿಗೆ ಇಂಥದೇ ವಿಚಾರಣೆಗೆ ಹೋಗಿದ್ದೆ. ದಾಖಲೆಯಲ್ಲಿ ಹೊಟ್ಟೆನೋವು ಎಂದಿತ್ತು. ಸತ್ತವರ ಹೆಂಡತಿ ಮುಕ್ಕಾಲು ಗಂಟೆ ಮಾತನಾಡಿದರು, ಎದೆನೋವಿನ ಸುಳಿವೇ ಇಲ್ಲ. ನಾನು ಪುಸ್ತಕ ಮುಚ್ಚಿ ಏಳುವಾಗ, ‘ಆವತ್ತು ಕೊಡಲಿ ಹಿಡಿಯಲಿಕ್ಕೆ ಎಡಗೈ ಬರುವುದಿಲ್ಲ ಎಂದಿದ್ದರು, ದವಡೆ ಜಗ್ಗುತ್ತದೆ ಎಂದು ವೀಳ್ಯವನ್ನೂ ಉಗುಳಿದರು’ ಎಂದರು. ಅದನ್ನು ಕೇಳುವ ಪ್ರಶ್ನೆಯೇ ನನ್ನ ಹಾಳೆಯಲ್ಲಿ ಇರಲಿಲ್ಲ. ಅಂದಿನಿಂದ ನಾನು ಪ್ರಶ್ನೆಗಳ ಕಡೆಗೆ ಹೋಗುವ ಮೊದಲು, ‘ನೀವೇ ಹೇಳಿ’ ಎಂದು ಸುಮ್ಮನೆ ಕೂರುವುದನ್ನು ಕಲಿತೆ. ನಿಮ್ಮ ಮನೆಗೆ ಬರುವ ಹುಡುಗರು ಟ್ಯಾಬ್ಲೆಟ್ ನೋಡುತ್ತಾ ಹೌದೋ ಅಲ್ಲವೋ ಎಂದಷ್ಟೇ ಕೇಳಿದರೆ, ಅಮ್ಮನಿಗೆ ಮೊದಲು ತಮ್ಮ ಮಾತಿನಲ್ಲಿ ಹೇಳಲು ಬಿಡಿ ಎಂದು ನೀವೇ ಹೇಳಿ. ಅಮ್ಮನಿಗೆ ಆಗದಿದ್ದರೆ ನೀವು ಕೂತರೆ ಸಾಕು, ಅವರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಮರಣೋತ್ತರ ಪರೀಕ್ಷೆ ಬೇಡ ಎಂದದ್ದು ನಿಮ್ಮನ್ನು ಕೊರೆಯುತ್ತಿದೆ ಎಂದು ಸಾಲುಗಳ ನಡುವೆ ಓದಿದೆ. ಕೊರಗಬೇಡಿ. ಮಾಡಿಸಿದ್ದರೂ ಖಚಿತವಾಗಿ ತಿಳಿಯುತ್ತಿತ್ತು ಎಂದು ಹೇಳಲಾರೆ. ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಬರಿಗಣ್ಣಿಗೆ ಬೇರೆಯಾಗಿ ಕಾಣಲು ಹಲವು ಗಂಟೆ ಬೇಕು. ಒಂದೆರಡು ಗಂಟೆಯಲ್ಲಿ ಹೋದವರಲ್ಲಿ ರಕ್ತನಾಳವನ್ನು ಬಿಡಿಸಿ ಹೆಪ್ಪು ಹುಡುಕಬೇಕಾಗುತ್ತದೆ, ಅದಕ್ಕೆ ನುರಿತ ಕೈ ಬೇಕು. ಈ ಗದ್ದಲದ ನಂತರ ಸರ್ಕಾರ, ಆಸ್ಪತ್ರೆಯ ಹೊರಗಾಗುವ ದಿಢೀರ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಎಂದು ಪ್ರಕಟಿಸಿತು. ಉದ್ದೇಶ ಸರಿ. ಆದರೆ ಮಣ್ಣಿಗೆ ನೆಂಟರು ಬಂದು ಕೂತಿರುವಾಗ, ಅದನ್ನು ಮಾಡುವ ವೈದ್ಯರು ಮೂವತ್ತು ಕಿಲೋಮೀಟರ್ ದೂರದಲ್ಲಿರುವಾಗ, ಆದೇಶ ಎಷ್ಟು ನಡೆಯುತ್ತದೆ ಎಂಬುದು ನಿಮಗೂ ಗೊತ್ತು.

ದಾಖಲೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಮೈಸೂರಿನ ಒಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರಲ್ಲ, ಅಲ್ಲಿ 1934ರಿಂದಲೂ ಹೆರಿಗೆಯಾದ ಮಕ್ಕಳ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನದ ಕೆಲಸ, ಯಾವ ಸಂಶೋಧನೆಯೂ ಅವರ ಮನಸ್ಸಿನಲ್ಲಿರಲಿಲ್ಲ. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934 ಮತ್ತು 1954ರ ನಡುವೆ ಹುಟ್ಟಿ ಮೈಸೂರಿನ ಆಸುಪಾಸಿನಲ್ಲೇ ಇದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇ 3ರಷ್ಟು. ಬಸುರಿಯ ಹಸಿವು ಮಗುವಿನ ನಡುವಯಸ್ಸಿನ ಎದೆನೋವಾಗಿ ಮರಳುತ್ತದೆ ಎಂಬ ಗುಮಾನಿಗೆ ಭಾರತದಲ್ಲಿ ಸಿಕ್ಕ ಮೊದಮೊದಲ ಆಧಾರಗಳಲ್ಲಿ ಇದೊಂದು. 1996ರಲ್ಲಿ ಪ್ರಕಟವಾಯಿತು. ಹಾಸನದಲ್ಲಿ ಗಂಡಸರು ಯಾಕೆ ಬೇಗ ಸಾಯುತ್ತಾರೆ ಎಂದು ಹುಡುಕುವಾಗ ಗುಟ್ಕಾ, ಬೀಡಿ, ಸಕ್ಕರೆ ಕಾಯಿಲೆಯ ಜೊತೆಗೆ ಅವರ ತಾಯಂದಿರು ಬರಗಾಲದಲ್ಲಿ ಏನು ಉಂಡರು ಎಂಬುದನ್ನೂ ಕೇಳಬೇಕು ಎಂದು ನನಗೆ ಅನ್ನಿಸುವುದು ಇದಕ್ಕೇ.

ಈಗ ನೀವು ಬಂದವರನ್ನು ಕೇಳಬೇಕಾದದ್ದು. ಅಧ್ಯಯನದ ವಿವರವಿರುವ ಕನ್ನಡದ ಹಾಳೆ ಕೊಡಿ ಎನ್ನಿ. ಅದರಲ್ಲಿ ಯಾವ ಸಂಸ್ಥೆ, ಹೊಣೆ ಹೊತ್ತ ವೈದ್ಯರು ಯಾರು, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ತಕರಾರಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಇರಬೇಕು. ಒಂದು ಪ್ರತಿ ನಿಮ್ಮ ಬಳಿ ಉಳಿಯಬೇಕು. ಓದದೆ ಸಹಿ ಬೇಡ. ಯಾವ ಪ್ರಶ್ನೆಗಾದರೂ ಉತ್ತರಿಸುವುದಿಲ್ಲ ಎನ್ನಬಹುದು, ಅರ್ಧದಲ್ಲಿ ನಿಲ್ಲಿಸಬಹುದು. ಅದರಿಂದ ನಿಮ್ಮ ಚಿಕಿತ್ಸೆಗೋ ಪಡಿತರಕ್ಕೋ ತೊಂದರೆಯಾಗಬಾರದು. ಆಧಾರ್, ಬ್ಯಾಂಕ್ ವಿವರ ಕೇಳಿದರೆ ಕೊಡಬೇಡಿ, ಸಾವಿನ ಕಾರಣ ತಿಳಿಯಲು ಅದು ಬೇಕಾಗಿಲ್ಲ. ಹಣ ಕೇಳಿದರೆ ಹೊರಗೆ ಕಳಿಸಿ. ಇನ್ನೊಂದನ್ನು ಸಂಕೋಚವಿಲ್ಲದೆ ಕೇಳಿ: ಗೊತ್ತಾದದ್ದನ್ನು ನಮಗೆ ಬಂದು ಹೇಳುತ್ತೀರಾ? ನಮ್ಮಲ್ಲಿ ಮಾಹಿತಿ ಒಯ್ಯಲು ಬರುವ ಜೀಪು ಫಲಿತಾಂಶ ಹೇಳಲು ಬರುವುದು ಅಪರೂಪ, ಇದನ್ನು ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹೇಳುವಾಗ ಬೀಡಿ, ಕುಡಿತ, ಗುಟ್ಕಾ ಇದ್ದರೆ ಮರೆಮಾಚಬೇಡಿ. ಹೋದವನ ಮಾನ ಕಾಯುವುದು ನಿಮ್ಮ ಸಹಜ ಭಾವ, ಆದರೆ ವರದಿಯಲ್ಲಿ ಅವನ ಹೆಸರು ಬರುವುದಿಲ್ಲ.

ಅಪ್ಪ 52ಕ್ಕೆ, ತಮ್ಮ 39ಕ್ಕೆ. ಗಂಡಸರಲ್ಲಿ 55ಕ್ಕೆ ಮೊದಲು ಹೃದಯಾಘಾತವಾದರೆ ನಾವು ಅದನ್ನು ಮನೆತನದ ಅಪಾಯ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಸಂಶೋಧನೆಯ ಫಲಿತಾಂಶಕ್ಕೆ ಕಾಯಬೇಡಿ. ನೀವು ಮತ್ತು ಒಡಹುಟ್ಟಿದವರು ಇದ್ದರೆ ಅವರೂ ಈ ತಿಂಗಳೇ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ತಮ್ಮನಿಗೆ ಮಕ್ಕಳಿದ್ದರೆ ಅವರ ಕೊಲೆಸ್ಟ್ರಾಲನ್ನೂ ಒಮ್ಮೆ ನೋಡಿಸಿ, ರಕ್ತದಲ್ಲಿ ಅದು ಹುಟ್ಟಿನಿಂದಲೇ ಹೆಚ್ಚಿರುವ ಮನೆತನಗಳಿವೆ. ಮನೆಯಲ್ಲಿ ಯಾರಿಗಾದರೂ ಎದೆಯುರಿಯ ಜೊತೆ ಬೆವರು ಬಂದರೆ ಸೋಡಾ ಬೇಡ, 108ಕ್ಕೆ ಕರೆ ಮಾಡಿ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲೆಂದೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಇದೆ, ಅದು ಮೊದಲ ಗಂಟೆಗಳಲ್ಲಿ ಮಾಡುವಷ್ಟು ಕೆಲಸವನ್ನು ಆಮೇಲೆ ಮಾಡುವುದಿಲ್ಲ.

ಆ ಇಸಿಜಿ ಚೀಟಿ. ಅದು ಬಿಸಿಗೆ ಬಣ್ಣ ತಿರುಗುವ ಕಾಗದ, ಗೆರೆಗಳು ವರ್ಷ ಕಳೆದಂತೆ ಮಾಸಿ ಹೋಗುತ್ತವೆ. ಜೋಪಾನ ಎಂದು ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪಾಗುತ್ತದೆ, ಹಾಗೆ ಕಳೆದುಕೊಂಡವರನ್ನು ನೋಡಿದ್ದೇನೆ. ನಾಳೆಯೇ ಎರಡು ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲೂ ಫೋಟೊ ತೆಗೆದಿಡಿ. ಒಂದು ಜೆರಾಕ್ಸ್ ಮುಂದಿನ ವಾರ ಬರುವವರಿಗೆ, ಇನ್ನೊಂದು ನೀವು ಪರೀಕ್ಷೆಗೆ ಹೋದಾಗ ವೈದ್ಯರಿಗೆ. ಅಸಲು ಚೀಟಿಯನ್ನು ಯಾರಿಗೂ ಕೊಡಬೇಡಿ.